ಇಟಲಿಯಲ್ಲಿ ಬಿಡಾರವೆಲ್ಲಿ?

ಇಟಲಿಯ ಊರುಗಳನ್ನೂ ಹಳ್ಳಿಗಾಡನ್ನೂ ಕಣ್ಣಾರೆ ಕಂಡು ಬರಬೇಕೆಂದು ಹೊರಡುವವರು ಏನೇನು ನೋಡಬೇಕೆಂಬುದನ್ನು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಎಲ್ಲಿ ತಂಗಬೇಕೆಂಬುದನ್ನು ಮಾತ್ರ ವಿಮಾನದ ಟಿಕೆಟ್ಟು ಕೊಂಡಮೇಲೆ ಅರ್ಧ ಗಂಟೆಯಲ್ಲಿ ತೀರ್ಮಾನಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಬಿಡಾರವು ಎಲ್ಲಿ ಎಂಬುದು ಸರಿಯಾಗಿ ನಿಶ್ಚಯವಾದರೆ ನೋಡತಕ್ಕದ್ದು ಮುಕ್ಕಾಲು ಪಾಲು ತಾನಾಗಿಯೇ ನಿಶ್ಚಯವಾಗುತ್ತದೆ. ಬಿಡಾರ ತಪ್ಪಿದರೆ ಎಷ್ಟು ದೊಡ್ಡ ಪಟ್ಟಿಯಿದ್ದರೂ ದಿನಗಳು ಬಸ್ಸು ಕಾಯುವುದರಲ್ಲಿಯೇ ಸಂದುಹೋಗುತ್ತವೆ.

ಈ ವಿಷಯವನ್ನೆತ್ತಿಕೊಳ್ಳಲು ಒಂದು ಕಾರಣವಿದೆ. ಬರುವ ವರ್ಷ ನಿವೃತ್ತರಾಗಲಿರುವ ನಮ್ಮ ಹಿರಿಯ ಸಹೋದ್ಯೋಗಿಗಳೊಬ್ಬರು ಮೊನ್ನೆ ಅಧ್ಯಾಪಕರ ಕೊಠಡಿಗೆ ಪ್ರವಾಸದ ಕಂಪನಿಯೊಂದರ ಬಣ್ಣಬಣ್ಣದ ಹೊತ್ತಗೆಯನ್ನು ತಂದಿದ್ದರು. ಒಂಬತ್ತು ರಾತ್ರಿ, ಐದು ಊರು: ಮಿಲಾನ್, ವೆನಿಸ್, ಫ್ಲಾರೆನ್ಸ್, ರೋಮ್, ನೇಪಲ್ಸ್. ಮೂವತ್ತು ವರ್ಷ ಯುರೋಪಿನ ಇತಿಹಾಸವನ್ನು ಬೋಧಿಸಿದವರು. ಇಟಲಿಯ ಪುನರುಜ್ಜೀವನವನ್ನು ಕುರಿತು ಪ್ರತಿವರ್ಷವೂ ಹುಡುಗರಿಗೆ ಟಿಪ್ಪಣಿ ಹೇಳಿ ಬರೆಯಿಸಿದವರು. ಅದರ ಒಂದು ಗೋಡೆಯನ್ನಾದರೂ ಕಣ್ಣಿನಿಂದ ಕಂಡವರಲ್ಲ. ಈಗ ಕೈಗೆ ಬರುವ ಗ್ರ್ಯಾಚುಯಿಟಿಯ ಹಣದಲ್ಲಿ ಒಂದು ಭಾಗವನ್ನು ತೆಗೆದಿರಿಸಿ ಪತ್ನಿಯೊಡನೆ ಹೊರಟಿದ್ದಾರೆ. ಮತ್ತೊಮ್ಮೆ ಹೋಗುವ ಮಾತಿಲ್ಲ. ಆದ್ದರಿಂದ ಇದು ವಿನೋದದ ಚರ್ಚೆಯೆಂದು ನಾನು ಭಾವಿಸುವುದಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿಯೂ ಕೆಲವರು ನಾಳೆ ಉದ್ಯೋಗ ಹಿಡಿದು ಹೀಗೆಯೇ ಹೊರಡುವವರಿದ್ದಾರೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಅಲ್ಲಿನ ಹೋಟಲುಗಳಲ್ಲಿ ಸಾಮಾನ್ಯವಾಗಿ ಬೆಳಗಿನ ಹತ್ತು ಹನ್ನೊಂದು ಗಂಟೆಯೊಳಗೆ ಕೊಠಡಿಯನ್ನು ತೆರವು ಮಾಡಬೇಕು. ಮುಂದಿನ ಊರಿನಲ್ಲಿ ಮಧ್ಯಾಹ್ನ ಎರಡು ಮೂರು ಗಂಟೆಗೆ ಮುಂಚೆ ಕೊಠಡಿ ಸಿಗದು. ನಡುವಿನ ಹೊತ್ತಿನಲ್ಲಿ ಮನುಷ್ಯನು ತನ್ನ ಪೆಟ್ಟಿಗೆಯ ಆಳಾಗಿರುತ್ತಾನೆ. ಅದು ಹೋಗಲಾರದ ಕಡೆಗೆ ಅವನೂ ಹೋಗಲಾರ. ಒಂದು ಸಲ ಊರು ಬದಲಿಸಿದರೆ ಅರ್ಧ ಹಗಲು ಹೋಯಿತೆಂದೇ ಅರ್ಥ. ಒಂಬತ್ತು ರಾತ್ರಿಗಳ ನಡುವೆ ಪೂರ್ಣವಾದ ಹಗಲುಗಳು ಎಂಟು. ನಾಲ್ಕು ಸಲ ಊರು ಬದಲಿಸುವುದರಲ್ಲಿ ಎರಡು ಕಳೆದವು. ಉಳಿದ ಆರು ಹಗಲಿನಲ್ಲಿ ಐದು ಮಹಾನಗರಗಳು! ಇದರಲ್ಲಿ ‘ಹಳ್ಳಿಗಾಡು’ ಎಂಬುದು ರೈಲಿನ ಕಿಟಕಿಯಾಚೆಗೆ ಗಂಟೆಗೆ ಇನ್ನೂರೈವತ್ತು ಕಿಲೋಮೀಟರು ವೇಗದಲ್ಲಿ ಹಿಂದಕ್ಕೆ ಓಡುವ ಒಂದು ಹಸುರು ಗೆರೆ ಮಾತ್ರ.

ಹಾಗಾದರೆ ಒಂದೇ ಕಡೆ ಬಿಡಾರ ಹೂಡಿ ದಿನವೂ ಹೋಗಿ ಬರುವುದು ಲೇಸು. ಇಷ್ಟನ್ನು ಅನೇಕರು ಒಪ್ಪುತ್ತಾರೆ. ಭಿನ್ನಾಭಿಪ್ರಾಯವಿರುವುದು ಆ ಒಂದು ಕಡೆ ಯಾವುದು ಎಂಬಲ್ಲಿ. ಮಧ್ಯ ಇಟಲಿಯನ್ನು, ಎಂದರೆ ಟಸ್ಕನಿ ಮತ್ತು ಉಂಬ್ರಿಯ ಸೀಮೆಗಳನ್ನು, ಉದಾಹರಣೆಗೆ ತೆಗೆದುಕೊಳ್ಳೋಣ. ಊರೂ ಹಳ್ಳಿಗಾಡೂ ಬೇಕೆನ್ನುವವರೆಲ್ಲ ಕೊನೆಗೆ ಅಲ್ಲಿಗೇ ಬರುತ್ತಾರೆ.

ಮೊದಲು ಎಲ್ಲರ ಬಾಯಿಗೂ ಬರುವ ಹೆಸರು ಫ್ಲಾರೆನ್ಸ್. ರೈಲುಗಳೆಲ್ಲ ಅಲ್ಲಿ ಕೂಡುತ್ತವೆ. ಚಿತ್ರಗಳೂ ಪ್ರತಿಮೆಗಳೂ ಅಲ್ಲಿಯೇ ಇವೆ. ಇದು ಬಲವಾದ ವಾದವೇ. ಆದರೆ ಹಳೆಯ ಪೇಟೆಯ ಮನೆಗಳು ಒಂದೊಂದಾಗಿ ಪ್ರವಾಸಿಗರ ವಸತಿಗಳಾಗಿ, ಅಲ್ಲಿ ಹುಟ್ಟಿ ಬೆಳೆದವರಿಗೇ ಬಾಡಿಗೆಗೆ ಮನೆ ಸಿಗದಂತಾಯಿತು. 2023ರಲ್ಲಿ ನಗರಸಭೆಯು ಹಳೆಯ ಪೇಟೆಯಲ್ಲಿ ಹೊಸದಾಗಿ ಇಂತಹ ಅಲ್ಪಾವಧಿ ಬಾಡಿಗೆಮನೆಗಳನ್ನು ತೆರೆಯಕೂಡದೆಂದು ನಿರ್ಣಯ ಮಾಡಬೇಕಾಗಿ ಬಂತು. ಅಂತಹ ಪೇಟೆಯಲ್ಲಿ ಒಂಬತ್ತು ರಾತ್ರಿ ಇದ್ದರೆ ನಾವು ನೋಡುವುದು ಬಹುಮಟ್ಟಿಗೆ ನಮ್ಮಂತೆಯೇ ನೋಡಲು ಬಂದವರನ್ನು. ಅದಕ್ಕೆ ಕೊಡುವ ಬಾಡಿಗೆಯೂ ಸಣ್ಣದಲ್ಲ.

ಎರಡನೆಯದು ಹೊಲದ ನಡುವಣ ಒಂಟಿಮನೆ. ಕಲ್ಲಿನ ಗೋಡೆ, ಕೆಂಪು ಹಂಚು, ಮುಂದೆ ಸೈಪ್ರೆಸ್ ಮರಗಳ ಸಾಲು, ಕೆಳಗೆ ದ್ರಾಕ್ಷಿಯ ತೋಟ. 1996ರಲ್ಲಿ ಅಮೆರಿಕದ ಲೇಖಕಿ ಫ್ರಾನ್ಸಿಸ್ ಮೇಯ್ಸ್ ಕೊರ್ತೋನಾ ಎಂಬ ಊರಿನ ಬಳಿ ಅಂತಹದೊಂದು ಹಳೆಯ ಮನೆಯನ್ನು ಕೊಂಡು ದುರಸ್ತಿ ಮಾಡಿಸಿದ ಕತೆಯನ್ನು ಪುಸ್ತಕವಾಗಿ ಪ್ರಕಟಿಸಿದ ಮೇಲೆ ಈ ಕನಸಿಗೆ ಬೆಲೆ ಇನ್ನೂ ಏರಿತು. ಈ ಮನೆಗಳ ನಿಜವಾದ ಕತೆ ಬೇರೆ. ಟಸ್ಕನಿಯಲ್ಲಿ ಶತಮಾನಗಳ ಕಾಲ ‘ಮೆತ್ಸಾದ್ರಿಯ’ ಎಂಬ ಪದ್ಧತಿಯಿತ್ತು. ಬೆಳೆದುದರಲ್ಲಿ ಅರ್ಧ ಒಡೆಯನಿಗೆ, ಅರ್ಧ ಉಳುವವನಿಗೆ. ನಮ್ಮಲ್ಲಿ ಜಮೀನನ್ನು ವಾರಕ್ಕೆ ಕೊಡುತ್ತಿದ್ದರಲ್ಲ, ಅದೇ ಬಗೆಯದು. ಒಕ್ಕಲು ತಾನು ಉಳುವ ಹೊಲದಲ್ಲಿಯೇ ವಾಸಿಸಬೇಕಾಗಿದ್ದುದರಿಂದ ಗುಡ್ಡಗುಡ್ಡಕ್ಕೂ ಒಂದೊಂದು ಮನೆ ಎದ್ದಿತು. ಎರಡನೆಯ ಮಹಾಯುದ್ಧದ ಅನಂತರ ಒಕ್ಕಲು ಮಕ್ಕಳು ಕಾರ್ಖಾನೆಗಳ ಕಡೆಗೆ ಗುಳೆ ಹೊರಟರು, 1964ರ ಶಾಸನದಿಂದ ಹೊಸದಾಗಿ ಇಂತಹ ಕರಾರು ಮಾಡಿಕೊಳ್ಳುವುದು ನಿಂತಿತು, ಮನೆಗಳು ಹಾಳುಬಿದ್ದವು. ರೈತರು ತಮ್ಮ ಮನೆಯಲ್ಲಿ ಅತಿಥಿಗಳನ್ನು ಇಳಿಸಿಕೊಂಡು ಹಣ ಪಡೆಯುವುದಕ್ಕೆ 1985ರಲ್ಲಿ ಒಂದು ಕಾನೂನೇ ಆಯಿತು. ಇಂದು ನಾವು ಬಾಡಿಗೆಗೆ ಹಿಡಿಯುವ ಅನೇಕ ‘ಶಾಂತಿಧಾಮ’ಗಳು ಹೀಗೆ ಜನ ಬಿಟ್ಟು ಹೋದ ಮನೆಗಳೇ. ಶಾಂತವಾಗಿರುವುದೇನೋ ನಿಜ.

ನನ್ನ ಆಕ್ಷೇಪಣೆ ಈ ಚರಿತ್ರೆಗಲ್ಲ, ಸಾರಿಗೆಗೆ. ಒಂಟಿಮನೆಯಿಂದ ಹಾಲು ತರಲೂ ಮೋಟಾರು ಬೇಕು. ನಮ್ಮವರಿಗೆ ಅಂತರರಾಷ್ಟ್ರೀಯ ಪರವಾನಗಿ ಬೇಕು. ರಸ್ತೆಯ ಬಲಗಡೆ ಓಡಿಸುವ ಅಭ್ಯಾಸ ಬೇಕು. ಊರೊಳಗಿನ ಹಳೆಯ ಬೀದಿಗಳಿಗೆ ಹೊರಗಿನವರ ವಾಹನ ಬರಕೂಡದೆಂದು ಬಾಗಿಲಿನಲ್ಲಿಯೇ ಕ್ಯಾಮೆರಾ ಇಟ್ಟಿರುತ್ತಾರೆ. ತಿಳಿಯದೆ ಒಳಹೊಕ್ಕರೆ ದಂಡದ ಕಾಗದವು ಕೆಲವು ತಿಂಗಳ ಮೇಲೆ ಮನೆಗೆ ಬರುತ್ತದೆ. ಅರುವತ್ತು ವಯಸ್ಸಿನ ಮೇಷ್ಟ್ರೂ ಅವರ ಪತ್ನಿಯೂ ಇಷ್ಟನ್ನೆಲ್ಲ ಕಟ್ಟಿಕೊಂಡು ಸುಖಪಡುವುದು ಹೇಗೆ?

ಮೂರನೆಯದು ಬೆಟ್ಟದ ಮೇಲಿನ ಚಿಕ್ಕ ಊರು. ಚಿತ್ರಗಳಲ್ಲಿ ಕಂಡು ನಾವು ಮನಸೋಲುವುದು ಇದಕ್ಕೇ. ಆದರೆ ಇಲ್ಲಿ ರೈಲ್ವೆಯವರದೊಂದು ತಮಾಷೆಯಿದೆ. ಕೋಟೆಯ ಊರುಗಳು ಬೆಟ್ಟದ ನೆತ್ತಿಯಲ್ಲಿವೆ. ರೈಲು ಕಣಿವೆಯಲ್ಲಿ ಹೋಗುತ್ತದೆ. ಮೊಂತೆಪುಲ್ಚಾನೊ ಎಂಬ ಹೆಸರಿನ ಸ್ಟೇಷನ್ನಿದೆ, ಊರು ಅಲ್ಲಿಂದ ಹಲವು ಕಿಲೋಮೀಟರು ದೂರ. ವೊಲ್ತೆರಾದ ಹೆಸರನ್ನು ಹೊತ್ತ ಸ್ಟೇಷನ್ನು ಕೆಳಗೆ ಉಪ್ಪಿನ ಕಣಿವೆಯಲ್ಲಿದೆ. ಗೋಪುರಗಳ ಊರಾದ ಸಾನ್ ಜಿಮಿನ್ಯಾನೊಗೆ ರೈಲೇ ಇಲ್ಲ; ಪೊಜ್ಜಿಬೋನ್ಸಿಯಲ್ಲಿಳಿದು ಬಸ್ಸು ಹಿಡಿಯಬೇಕು. ಭಾನುವಾರವಾದರೆ ಬಸ್ಸುಗಳು ತೀರ ಕಡಮೆ. ಇಂತಹ ಊರಿಗೆ ಹೋಗಿ ಬರಬಹುದು, ಹೋಗಲೇಬೇಕು. ಆದರೆ ಅಲ್ಲಿ ಬಿಡಾರ ಹೂಡಿದವನು ಬೇರೆ ಊರುಗಳನ್ನು ನೋಡಬೇಕಾದರೆ ದಿನವೂ ಬೆಟ್ಟ ಇಳಿದು ಹತ್ತಬೇಕು. ಓರ್ವಿಯೆತೊ ಒಂದು ಇದಕ್ಕೆ ಹೊರತು: ಸ್ಟೇಷನ್ನಿನ ಎದುರಿನಿಂದಲೇ ಹಗ್ಗದಿಂದೆಳೆಯುವ ಗಾಡಿಯೊಂದು ಬಂಡೆಯ ಮೇಲಿನ ಊರಿಗೆ ಏರಿಸಿಬಿಡುತ್ತದೆ.

ನನ್ನ ಮತ ಅರೆತ್ಸೊ ಪಟ್ಟಣಕ್ಕೆ. ಸುಮಾರು ಒಂದು ಲಕ್ಷ ಜನರ ಊರು. ಚಿನ್ನದ ಒಡವೆ ತಯಾರಿಸುವ ಕಸುಬಿನಿಂದ ಬದುಕುವ ಊರು, ಪ್ರವಾಸಿಗರನ್ನೇ ನಂಬಿ ಕುಳಿತುದಲ್ಲ. ಫ್ಲಾರೆನ್ಸಿನಿಂದ ರೋಮಿಗೆ ಹೋಗುವ ಹಳೆಯ ರೈಲುದಾರಿಯ ಮೇಲಿದೆ. ಸ್ಟೇಷನ್ನಿನಿಂದ ಹಳೆಯ ಪೇಟೆಗೆ ನಡೆದೇ ಹೋಗಬಹುದು. ಹತ್ತು ನಿಮಿಷದಲ್ಲಿ ಸಂತ ಫ್ರಾನ್ಸಿಸರ ಇಗರ್ಜಿಯ ಬಾಗಿಲು. ಒಳಗೆ ಗರ್ಭಗೃಹದ ಮೂರು ಗೋಡೆಗಳ ಮೇಲೆ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಹದಿನೈದನೆಯ ಶತಮಾನದ ನಡುವಿನಲ್ಲಿ ಬರೆದ ಶಿಲುಬೆಯ ಕಥೆಯಿದೆ. ಒಮ್ಮೆಗೆ ಕೆಲವೇ ಜನರನ್ನು ಬಿಡುತ್ತಾರಾದ್ದರಿಂದ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಕಾನ್‌ಸ್ಟಂಟೈನ್ ಚಕ್ರವರ್ತಿ ಡೇರೆಯಲ್ಲಿ ಮಲಗಿ ಕನಸು ಕಾಣುವ ಭಾಗವನ್ನು ನೋಡಿ. ರಾತ್ರಿಯ ಕತ್ತಲೆಯನ್ನೂ ಅದನ್ನು ಸೀಳುವ ಬೆಳಕನ್ನೂ ಗೋಡೆಯ ಮೇಲೆ ಇಷ್ಟು ನಿಜವಾಗಿ ತೋರಿಸಿದುದು ಆ ಕಾಲಕ್ಕೆ ಹೊಸತು. ನಾನು ಒಂಬತ್ತು ದಿನದಲ್ಲಿ ಮೂರು ಸಲ ಹೋದೆ. ಮೊದಲನೆಯ ಸಲ ಕಂಡುದು ಬಣ್ಣ. ಡೇರೆಯ ಮುಂದೆ ಕುಳಿತ ಸೇವಕನ ಮುಖದಲ್ಲಿನ ನಿದ್ದೆ ಕಣ್ಣಿಗೆ ಬಿದ್ದುದು ಮೂರನೆಯ ಸಲ. ಒಂದೇ ಊರಿನಲ್ಲಿ ಇರುವವನಿಗಲ್ಲದೆ ಮೂರನೆಯ ಸಲ ಎಂಬುದೇ ಇಲ್ಲ.

ಈ ಊರು ವಿದ್ವಾಂಸರಿಗೂ ಬಡತನವಿಲ್ಲದುದು. ಕವಿ ಪೆಟ್ರಾರ್ಕ್ ಹುಟ್ಟಿದ್ದು ಇಲ್ಲಿ, 1304ರಲ್ಲಿ. ಇಟಲಿಯ ಕಲಾವಿದರ ಚರಿತ್ರೆಗಳನ್ನು ಬರೆದ ವಸಾರಿ ಹುಟ್ಟಿದ್ದೂ ಇಲ್ಲಿಯೇ, 1511ರಲ್ಲಿ. ಅವನು ತಾನೇ ಚಿತ್ರ ಬರೆದು ಅಲಂಕರಿಸಿಕೊಂಡ ಮನೆ ಇಂದಿಗೂ ನಿಂತಿದೆ. ಹನ್ನೊಂದನೆಯ ಶತಮಾನದಲ್ಲಿ ಗುಯಿದೊ ಎಂಬ ಸನ್ಯಾಸಿ ಈ ಊರಿನ ಇಗರ್ಜಿಯ ಹುಡುಗರಿಗೆ ಹಾಡು ಕಲಿಸುತ್ತ ಸ್ವರಗಳಿಗೆ ಉತ್, ರೆ, ಮಿ, ಫ, ಸೊಲ್, ಲ ಎಂದು ಹೆಸರಿಟ್ಟನು. ಸರಿಗಮ ಪಾಠವಾದವರು ಅವನ ಪ್ರತಿಮೆಯ ಮುಂದೆ ಒಂದು ಕ್ಷಣ ನಿಲ್ಲದೆ ಹೋಗಲಾರರು.

ಸಂಜೆ ಆರರ ಮೇಲೆ ಊರಿಗೆ ಊರೇ ಕೊರ್ಸೊ ಇಟಾಲಿಯಾ ಎಂಬ ಬೀದಿಯಲ್ಲಿ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಅಡ್ಡಾಡುತ್ತದೆ. ಅಜ್ಜಂದಿರು, ಮಗುವಿನ ಗಾಡಿ ತಳ್ಳುವವರು, ಪರೀಕ್ಷೆ ಮುಗಿದ ಹುಡುಗರು. ಯಾರಿಗೂ ಎಲ್ಲಿಗೂ ಹೋಗಬೇಕಾಗಿಲ್ಲ. ಇಟಲಿಯ ಊರನ್ನು ನೋಡಬೇಕೆಂದರೆ ನೋಡಬೇಕಾದ್ದು ಈ ಅಡ್ಡಾಟ. ಹಗಲು ಬಂದು ಸಂಜೆಯ ರೈಲಿಗೆ ಹೊರಡುವವರಿಗೆ ಇದು ದೊರೆಯುವುದಿಲ್ಲ. ಊಟದ ಮಾತು ಎರಡೇ: ಅಲ್ಲಿನ ರೊಟ್ಟಿಗೆ ಉಪ್ಪು ಹಾಕುವುದಿಲ್ಲ, ಗಾಬರಿಯಾಗಬೇಡಿ, ಸಸ್ಯಾಹಾರಿಗಳಿಗೆ ರಿಬೊಲ್ಲಿತಾ ಎಂಬ ಅವರೆಜಾತಿಯ ಕಾಳು, ಸೊಪ್ಪು, ಹಳೆಯ ರೊಟ್ಟಿಗಳ ಗಟ್ಟಿಸಾರಿದೆ, ನಮ್ಮ ನಾಲಗೆಗೆ ಒಗ್ಗುತ್ತದೆ. ಮಾಂಸದ ಸಾರಿನಲ್ಲಿ ಬೇಯಿಸಿದ್ದೇ ಎಂದು ಮಾತ್ರ ಕೇಳಿಕೊಳ್ಳತಕ್ಕದ್ದು.

ಇನ್ನು ಅಲ್ಲಿಂದ ಹೋಗಿ ಬರುವ ಮಾತು. ಬಿಡಾರದಿಂದ ಒಂದೂವರೆ ಗಂಟೆಗಿಂತ ದೂರದ ಊರನ್ನು ದಿನದ ಯಾತ್ರೆಗೆ ಇಟ್ಟುಕೊಳ್ಳಬಾರದೆಂಬುದು ನನ್ನ ನಿಯಮ. ಅರೆತ್ಸೊದಿಂದ ಫ್ಲಾರೆನ್ಸಿಗೆ ಸುಮಾರು ಒಂದು ಗಂಟೆ, ಎಲ್ಲ ಸ್ಟೇಷನ್ನುಗಳಲ್ಲಿಯೂ ನಿಲ್ಲುವ ಗಾಡಿಯಾದರೆ ಒಂದೂವರೆ. ದಾರಿಯಲ್ಲಿ ಸಿಗುವ ಸಾನ್ ಜೊವಾನ್ನಿ, ಚಿತ್ರಕಾರ ಮಸಾಚ್ಚೊ 1401ರಲ್ಲಿ ಹುಟ್ಟಿದ ಊರು. ಸಂಜೆ ಹಿಂದಿರುಗುವಾಗ ಫ್ಲಾರೆನ್ಸಿನಲ್ಲಿ ಓದುವವರೂ ದುಡಿಯುವವರೂ ಗಾಡಿ ತುಂಬಿರುತ್ತಾರೆ. ಫಿಲ್ಯೀನೆ, ಮೊಂತೆವಾರ್ಕಿ ಎಂದು ಒಂದೊಂದು ಊರಿನಲ್ಲಿಯೂ ಗುಂಪಾಗಿ ಇಳಿದುಹೋಗುತ್ತಾರೆ. ದಕ್ಷಿಣಕ್ಕೆ ಕೊರ್ತೋನಾ ಅರ್ಧ ಗಂಟೆಯೊಳಗೆ. ಕಮುಚಾದಲ್ಲಿಳಿದು ಬಸ್ಸಿನಲ್ಲಿ ಬೆಟ್ಟ ಹತ್ತಿದರೆ ಫ್ರಾ ಆಂಜೆಲಿಕೊ ಬರೆದ ದೇವದೂತನ ಚಿತ್ರ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ತೆರೊಂತೊಲಾದಲ್ಲಿ ಕವಲೊಡೆಯುವ ದಾರಿ ಪೆರೂಜಾ, ಅಸ್ಸಿಸಿಗಳಿಗೆ ಹೋಗುತ್ತದೆ. ಉತ್ತರಕ್ಕೆ ಕಾಸೆಂತೀನೊ ಕಣಿವೆಯೊಳಗೆ ಒಂದು ಪುಟ್ಟ ರೈಲಿದೆ. ಪೊಪ್ಪಿಯ ಕೋಟೆಯ ಕೆಳಗೆ ಕಾಣುವ ಬಯಲಿನಲ್ಲಿ 1289ರ ಕಂಪಾಲ್ದೀನೊ ಕದನ ನಡೆಯಿತು, ಯುವಕ ದಾಂತೆ ಅದರಲ್ಲಿ ಕಾದಿದನು. ಹಳ್ಳಿಗಾಡು ಬೇಕೆನ್ನುವವರಿಗೆ ಈ ಪುಟ್ಟ ರೈಲಿನಷ್ಟು ಅಗ್ಗದ ಉಪಾಯ ಮತ್ತೊಂದಿಲ್ಲ. ಯಾವ ಸ್ಟೇಷನ್ನಿನಲ್ಲಿಳಿದರೂ ಹೊಲ.

ಪೂರ್ವಕ್ಕೆ ಬೆಟ್ಟದಾಚೆ ಸಾನ್ಸೆಪೋಲ್ಕ್ರೊ, ಪಿಯೆರೊನ ಹುಟ್ಟೂರು. ಅವನ ‘ಪುನರುತ್ಥಾನ’ ಚಿತ್ರವನ್ನು ಆಲ್ಡಸ್ ಹಕ್ಸ್ಲಿ 1925ರ ಪುಸ್ತಕವೊಂದರಲ್ಲಿ ಜಗತ್ತಿನ ಅತ್ಯುತ್ತಮ ಚಿತ್ರವೆಂದು ಹೊಗಳಿದನು. ಆ ಪ್ರಬಂಧದಲ್ಲಿ ಊರನ್ನು ಸೇರುವುದು ಎಷ್ಟು ಕಷ್ಟವೆಂಬುದನ್ನೂ ಅವನು ಬರೆದಿದ್ದಾನೆ. ಉರ್ಬೀನೊ ಕಡೆಯಿಂದ ಹೋದರೆ ಬಸ್ಸಿಗೆ ಏಳು ಗಂಟೆಗೂ ಮೇಲೆ ಹಿಡಿಯುತ್ತಿತ್ತು! ಅರೆತ್ಸೊದಿಂದ ಒಂದು ನ್ಯಾರೋಗೇಜ್ ರೈಲಿತ್ತು. ಅದು ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು, ಈಗ ಬಸ್ಸು. 1944ರಲ್ಲಿ ಆ ಊರಿನ ಮೇಲೆ ಗುಂಡು ಹಾರಿಸಬೇಕಾಗಿದ್ದ ಟೋನಿ ಕ್ಲಾರ್ಕ್ ಎಂಬ ಬ್ರಿಟಿಷ್ ಫಿರಂಗಿ ಅಧಿಕಾರಿಗೆ ಹಕ್ಸ್ಲಿಯ ಪ್ರಬಂಧ ನೆನಪಾಗಿ ಫಿರಂಗಿಗಳನ್ನು ನಿಲ್ಲಿಸಿದನು. ಪಠ್ಯೇತರ ಓದಿನಿಂದೇನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಮಿತ್ರರು ಇದನ್ನು ಗಮನಿಸಬೇಕು.

ಅದೇ ವರ್ಷದ ಜುಲೈಯಲ್ಲಿ ಈ ಸೀಮೆಯಲ್ಲಿ ಕಾದಿದವರಲ್ಲಿ ನಮ್ಮವರೂ ಇದ್ದರು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಪದಾತಿದಳದ ನಾಯಕ್ ಯಶವಂತ ಘಾಡ್ಗೆ 1944ರ ಜುಲೈ 10ರಂದು ಟೈಬರ್ ನದಿಯ ಮೇಲ್ಕಣಿವೆಯಲ್ಲಿ ಮಡಿದನು. ಮರಣಾನಂತರ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಉಂಬ್ರಿಯದ ಮೊಂತೊನೆ ಎಂಬ ಊರಿನಲ್ಲಿ 2023ರಲ್ಲಿ ಅವನಿಗೆ ಸ್ಮಾರಕವಾಗಿ ಒಂದು ನೆರಳುಗಡಿಯಾರವನ್ನು ನಿಲ್ಲಿಸಿದರು. ಅರೆತ್ಸೊದ ಹೊರವಲಯದ ಯುದ್ಧಸ್ಮಶಾನದಲ್ಲಿ ಭಾರತೀಯ ಸಿಪಾಯಿಗಳ ಸಮಾಧಿಗಳಿವೆ. ಯಾವ ಪ್ರವಾಸದ ಹೊತ್ತಗೆಯೂ ಅಲ್ಲಿಗೆ ಬಸ್ಸು ನಿಲ್ಲಿಸುವುದಿಲ್ಲ. ಕೈಯಲ್ಲಿ ಒಂದು ಮಧ್ಯಾಹ್ನ ಉಳಿದಿದ್ದರೆ ಹೋಗಬಹುದು. ಒಂದೇ ಬಿಡಾರದವರಿಗೆ ಅಂತಹ ಮಧ್ಯಾಹ್ನ ಉಳಿಯುತ್ತದೆ.

ಅರೆತ್ಸೊದಲ್ಲಿ ಕೊರತೆಯಿಲ್ಲವೆ? ಇದೆ. ಸಿಯೆನಾಕ್ಕೆ ನೇರ ರೈಲಿಲ್ಲ. ಬಸ್ಸಿನಲ್ಲಿ ಒಂದೂವರೆ ಗಂಟೆ ಕುಲುಕಾಡಿ ಹೋಗಬೇಕು. ಪೀಸಾ, ಲುಕ್ಕಾಗಳು ನನ್ನ ನಿಯಮದ ಹೊರಗೆ ಬೀಳುತ್ತವೆ. ಅವನ್ನು ಬಿಡಲಾರೆವೆನ್ನುವವರು ಲುಕ್ಕಾದಲ್ಲಿಯೇ ಬಿಡಾರ ಮಾಡಲಿ. ಸಮತಟ್ಟಾದ ಊರು, ಕೋಟೆಗೋಡೆಯ ಮೇಲೆಯೇ ನಾಲ್ಕು ಕಿಲೋಮೀಟರು ಸುತ್ತಾಡಬಹುದು. ಪೋ ನದಿಯ ಬಯಲಿಗೆ ಹೋಗುವವರಿಗೆ ಬೊಲೋನ್ಯ ಸರಿ: ಮೋದೆನಾ, ಫೆರಾರಾ, ಪಾರ್ಮಾ, ರವೆನ್ನಾಗಳಿಗೆಲ್ಲ ಅಲ್ಲಿಂದ ರೈಲಿದೆ, ಮಳೆ ಬಂದರೂ ಕಮಾನುಗಳ ಕೆಳಗೆ ನೆನೆಯದೆ ನಡೆಯಬಹುದು.

ವೆನಿಸ್ ಮಾತ್ರ ನನ್ನ ವಾದಕ್ಕೆ ಒಳಪಡುವುದಿಲ್ಲ. ಅಗ್ಗವೆಂದು ಪಾದುವಾದಲ್ಲಿ ತಂಗಿ, ಬೆಳಗ್ಗೆ ರೈಲಿನಲ್ಲಿ ವೆನಿಸ್ಸಿಗೆ ಹೋಗಿ ಸಂಜೆ ಹಿಂದಿರುಗಿದರೆ ಸಾಕೆಂದು ಜಾಣರು ಹೇಳುತ್ತಾರೆ. ಪಾದುವಾ ಒಳ್ಳೆಯ ಊರೇ. ಜೊತ್ತೊನ ಚಿತ್ರಗಳಿಗಾಗಿ, ಗೆಲಿಲಿಯೊ ಪಾಠ ಹೇಳಿದ ವಿಶ್ವವಿದ್ಯಾಲಯಕ್ಕಾಗಿ ಬೇಕಾದರೆ ಎರಡು ದಿನ ಇರಿ. ಆದರೆ ವೆನಿಸ್ಸನ್ನು ನಲುಗಿಸುತ್ತಿರುವವರು ಈ ಬೆಳಗ್ಗೆ ಬಂದು ಸಂಜೆ ಹೋಗುವವರೇ. ನೀರಿನ ನಡುವಣ ಹಳೆಯ ನಗರದಲ್ಲಿ ವಾಸಿಸುವವರ ಸಂಖ್ಯೆ 2022ರಲ್ಲಿ ಐವತ್ತು ಸಾವಿರಕ್ಕಿಂತ ಕೆಳಗಿಳಿಯಿತು; 2024ರ ಏಪ್ರಿಲ್ 25ರಿಂದ, ಜನ ಹೆಚ್ಚಾಗಿ ನೆರೆಯುವ ದಿನಗಳಲ್ಲಿ, ಹಗಲಿಗಷ್ಟೇ ಬರುವವರ ಮೇಲೆ 5 ಯೂರೊ ಪ್ರವೇಶಶುಲ್ಕ ಹಾಕಿದರು. ರಾತ್ರಿ ತಂಗುವವರಿಗೆ ಆ ಶುಲ್ಕವಿಲ್ಲ. ವೆನಿಸ್ ನೋಡುವ ಆಸೆಯಿದ್ದರೆ ಹಣ ಕೂಡಿಸಿ ಎರಡು ರಾತ್ರಿ ಅಲ್ಲಿಯೇ ಇರಬೇಕು, ಇಲ್ಲವೆ ಆ ಊರನ್ನು ಅದರ ಪಾಡಿಗೆ ಬಿಡಬೇಕು.

ಹೊರಡುವವರಿಗೆ ಇನ್ನೆರಡು ಮಾತು. ವೀಸಾದ ಅರ್ಜಿಯೊಡನೆ ಪ್ರತಿ ರಾತ್ರಿಯೂ ಎಲ್ಲಿ ತಂಗುವಿರೆಂಬುದಕ್ಕೆ ದಾಖಲೆ ಕೇಳುತ್ತಾರೆ; ಒಂದೇ ವಿಳಾಸವಾದರೆ ಒಂದೇ ಕಾಗದದಲ್ಲಿ ಮುಗಿಯುತ್ತದೆ. ಪ್ರಾಂತದ ರೈಲುಗಳಿಗೆ ಮುಂಗಡ ಕಾದಿರಿಸುವ ಅಗತ್ಯವಿಲ್ಲ, ಆದರೆ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಒತ್ತಿಸಿಕೊಳ್ಳಬೇಕು. ಸೋಮವಾರ ಅನೇಕ ವಸ್ತುಸಂಗ್ರಹಾಲಯಗಳು ಮುಚ್ಚಿರುತ್ತವೆ, ಅಂದು ಹಳ್ಳಿಯ ಕಡೆ ಹೋಗಿ. ಅರೆತ್ಸೊದಲ್ಲಿ 1968ರಿಂದ ಪ್ರತಿ ತಿಂಗಳ ಮೊದಲ ಭಾನುವಾರವೂ ಅದರ ಹಿಂದಿನ ದಿನವೂ ಹಳೆಯ ಸಾಮಾನುಗಳ ಸಂತೆ ಸೇರುತ್ತದೆ. ಇಳಿಜಾರಾದ ದೊಡ್ಡ ಚೌಕವೆಲ್ಲ ಹಿತ್ತಾಳೆ ದೀಪ, ಒಡೆದ ಗಡಿಯಾರ, ಯಾರದೋ ಮದುವೆಯ ಫೋಟೋಗಳಿಂದ ತುಂಬಿಹೋಗುತ್ತದೆ. ನೋಡಲು ಚೆನ್ನಾಗಿರುತ್ತದೆ, ಆದರೆ ಆ ಎರಡು ದಿನ ಕೊಠಡಿ ಸಿಗುವುದು ಕಷ್ಟ, ಆದ್ದರಿಂದ ಬುಧವಾರವೋ ಗುರುವಾರವೋ ಹೋಗಿ ಇಳಿದುಕೊಂಡಿರತಕ್ಕದ್ದು.